ಹನ್ನೊಂದು ಅರ್ಧಾ ಹೊಲಿಗಿ, ಒಂದು ಸೂಟ್‌ಕೇಸು

ಸಂಪಾದಕೀಯ ತಡ ಆತು, ಒಪ್ಕೋತೀನಿ. ನಮ್ಮ ಮಿಶಿಗನ್ ಕನ್ನಡ ಸಂಘದ ಯುಗಾದಿ ಸಂಚಿಕಿ ಪುಟ ಜೋಡಸೋರು ಎರಡ ಸಲ ವಾಟ್ಸಾಪ್ ಮಾಡಿದ್ರು, ಮೂರನೇ ಸಲ ಬರೇ ಒಂದ ಪ್ರಶ್ನಾರ್ಥಕ ಚಿಹ್ನೆ ಕಳಿಸ್ಯಾರ. ನಾ ಈಗ ಬಾಗಲಕೋಟ್ಯಾಗ ಅದೀನ್ರಿ, ನವನಗರದಾಗ ಅವ್ವನ ಮನಿ ಪಡಸಾಲ್ಯಾಗ, ಎದುರಿಗೆ ಲ್ಯಾಪ್‌ಟಾಪು, ತೊಡಿ ಮ್ಯಾಲೆ ಕೌದಿ, ಬಲಗೈ ಬೆರಳಿಗೆ ಸೂಜಿ ಚುಚ್ಚಿ ಚುಚ್ಚಿ ಟೈಪ್ ಮಾಡಾಕ ಆಗವಲ್ದು, ಹಂಗಾಗಿ ತಪ್ಪ ಇದ್ದಲ್ಲಿ ತಿದ್ದಕೊಂಡ ಓದ್ರಿ.

ಇದು ಶುರು ಆಗಿದ್ದು ಜನವರಿ ಹಿಮದಾಗ. ನಿಮಗ ಗೊತ್ತೈತಿ, ಮಿಶಿಗನ್‌ನ್ಯಾಗ ಮೂರ ದಿನ ಬಾಗಲಾ ತಗ್ಯಾಕ ಆಗಲಾರ್ದಂಗ ಬಿತ್ತಲ್ಲ, ಆವಾಗ ಬೇಸ್‌ಮೆಂಟಿನ್ಯಾಗಿನ ಪ್ಲಾಸ್ಟಿಕ್ ಡಬ್ಬಿ ಎಲ್ಲಾ ತಗದ ನೋಡಿದೆ. ಅರ್ಧಾಮರ್ಧಾ ಹೊಲದ ಬಿಟ್ಟ ಸಾಮಾನು ಒಟ್ಟ 11. ಅಲ್ಲಿ ಕ್ವಿಲ್ಟ್, ಅಂದ್ರ ಅವರ ಕೌದಿ, ಮಾಡೋ ಮಂದಿ ಇಂಥಾವಕ್ಕ ಯುಎಫ್‌ಓ ಅಂತಾರ, ಹಾರೋ ತಟ್ಟೆ ಅಲ್ಲ, ಅನ್‌ಫಿನಿಶ್ಡ್ ಆಬ್ಜೆಕ್ಟ್, ಮುಗೀಲಾರದ ವಸ್ತು ಅಂತ. ಗೆಳತಿ ಮಗಳು ಹುಟ್ಟಿದಾಗ ಶುರು ಮಾಡಿದ್ದ ತೊಟ್ಟಿಲ ಕೌದಿ, ಆಕಿ ಈಗ ಮೂರನೇತ್ತ, ನಮ್ಮ ಭಾನುವಾರದ ಕನ್ನಡ ಕ್ಲಾಸಿನ್ಯಾಗ ನನ್ನ ಕಾಗುಣಿತ ತಿದ್ದತಾಳ. 2019ರ ರಾಜ್ಯೋತ್ಸವದ ರಾಫಲ್ ಲಾಟರಿಗೆ ಕೊಡ್ತೀನಿ ಅಂತ ಮೈಕ್ ಹಿಡಕೊಂಡ ಹೇಳಿದ್ದ ಲಾಗ್ ಕ್ಯಾಬಿನ್ ಕ್ವಿಲ್ಟು (ನಡುವ ಒಂದ ಚೌಕ, ಸುತ್ತ ಪಟ್ಟಿ ಜೋಡಸಿದ್ದು), ಯಾರರೆ ನೆನಪ ಇಟ್ಟಿದ್ರ ಇನ್ನೊಂದ ಸ್ವಲ್ಪ ದಿನ ಸುಮ್ಕಿರ್ರಿ. ಇಳಕಲ್ ಸೆರಗಿನ ನಾಕ ಕುಶನ್ ಕವರು, ಜಿಪ್ ಒಂದಕ್ಕೂ ಇಲ್ಲ. ಉಳದದ್ದೆಲ್ಲಾ ಹೇಳಿದ್ರ ನನಗ ನಾಚಿಕಿ.

ಇದರ ಮ್ಯಾಲೆ ಖಣ ಬ್ಯಾರೆ. ಪ್ರತಿ ಸಲ ಊರಿಗೆ ಬಂದಾಗ ಹೋದ ಹೋದ ಮನ್ಯಾಗ ಉಡಿ ತುಂಬತಾರ, ಅಕ್ಕಿ, ಕೊಬ್ಬರಿ ಬಟ್ಟಲ, ಅರಿಷಿಣ ಕೊಂಬು, ಉತ್ತತ್ತಿ, ಅಡಿಕಿ, ಜೋಡಿಗೆ ಗುಳೇದಗುಡ್ಡದ್ದ ಒಂದ ಖಣ. ಅಕ್ಕಿ ಕೊಬ್ಬರಿ ಕಸ್ಟಮ್ಸಿಗೆ ಅಂಜಿ ಅವ್ವನ ಮನ್ಯಾಗ ಬಿಟ್ಟ ಬರ್ತೀವಿ, ಖಣ ಮಾತ್ರ ತಿಕೋಣಾಕಾರದಾಗ ಮಡಿಚಿದ್ದು ಹಂಗ ಸೂಟ್‌ಕೇಸಿನ ಮೂಲ್ಯಾಗ ಕುಂತ ಬರತಾವು. ಕುಬಸ ಹೊಲಸಬೇಕಂದ್ರ ಅಲ್ಲಿ ಟೇಲರ್ ಇಲ್ಲ, ಇದ್ದೊಬ್ಬರ ಕೂಲಿ ಕೇಳಿದ್ರ ಎದಿ ಒಡೀತೈತಿ. ಹಿಂಗ ಕೂಡಿದ್ದು 37 ಖಣ. ನಿಮ್ಮ ಕಪಾಟಿನ್ಯಾಗೂ ಇರತಾವು, ಸುಳ್ಳ ಹೇಳಬ್ಯಾಡ್ರಿ.

ತಪ್ಪು ಸ್ವಲ್ಪ ರೋಟರಿ ಕಟರಿಂದೂ ಐತಿ ಅಂತ ನನ್ನ ವಾದ. 1979ರಾಗ ಜಪಾನಿನ ಓಲ್ಫಾ ಕಂಪನಿ ತಂದದ್ದದು, ಪಿಜ್ಜಾ ಕೊಯ್ಯೋ ಗಾಲಿ ಇದ್ದಂಗ, ಸ್ಕೇಲ್ ಇಟ್ಟ ಎಳದ್ರ ನಾಕೈದ ಪದರ ಒಂದ ಸಲಕ್ಕ ಸರ್ರ್ ಅಂತ ಕೊಯ್ತೈತಿ. ಕೊಯ್ಯೂದಕ್ಕ ಅರ್ಧಾ ತಾಸು, ಹೊಲಿಯೂದಕ್ಕ ಅರ್ಧಾ ವರ್ಷ. ನನಗ ಕೊಯ್ಯೂದು ಭಾಳ ಸೇರತೈತಿ, ಬಣ್ಣಕ್ಕ ಬಣ್ಣ ಹೊಂದಿಸಿ ನೆಲದ ಮ್ಯಾಲೆ ಹರವಿ ಫೋಟೋ ಹೊಡದ ಸಂಘದ ಗ್ರೂಪಿಗೆ ಹಾಕೂದು ಅದಕ್ಕಿಂತ ಸೇರತೈತಿ, ನೀವೆಲ್ಲಾ ಹಾರ್ಟ್ ಒತ್ತತೀರಿ, ಅಲ್ಲಿಗೆ ಆ ಕ್ವಿಲ್ಟಿನ ಕತಿ ಮುಗೀತು.

ಅದಕ್ಕ ಈ ಸಲ ಫೆಬ್ರವರ್‍ಯಾಗ ಬರೋವಾಗ ಚಾಕಲೇಟ್ ಕಡಿಮಿ ಮಾಡಿ, 23 ಕೆಜಿ ಸೂಟ್‌ಕೇಸಿನ್ಯಾಗ ಈ ಗಂಟ ತುಂಬಕೊಂಡ ಬಂದೆ, 11ರಾಗ ನಾಕು, ಜೋಡಿಗೆ ಅಷ್ಟೂ ಖಣ. ಅವ್ವ ತಗದ ನೋಡಿ ಅಂದ್ಳು, "ಇಲ್ಲಿ ಚಿಂದಿ ಅರಿವಿ ಕಡಿಮಿ ಬಿದ್ದಿತ್ತಂತ ಅಮೆರಿಕಾದಿಂದ ಹೊತ್ಕೊಂಡ ಬಂದಿಯೇನ?" ಜೋಳದ ರಾಶಿ ಮುಗದ ಮ್ಯಾಲೆ ಬ್ಯಾಸಗಿ ಬಿಸಲಿಗೆ ಹೆಣಮಕ್ಕಳು ಮಧ್ಯಾನ ಕೌದಿ ಹಾಕೂದು ನಮ್ಮ ಕಡೆ ರೂಢಿ, ಹಂಗಾಗಿ ಟೈಮ್ ಮಾತ್ರ ಸರಿ ಇತ್ತು.

ಹಳೇ ಬಾಗಲಕೋಟ್ಯಾಗ ನಮ್ಮ ಓಣ್ಯಾಗ ಒಬ್ಬರ ಕಾಕು ಇದ್ರು. ಆಲಮಟ್ಟಿ ಹಿನ್ನೀರು ಬಂದಾಗ ಓಣಿ ಎಲ್ಲಾ ಎದ್ದ ನವನಗರಕ್ಕ ಬಂತು, ನಾವೊಂದ ಸೆಕ್ಟರ್, ಅವರೊಂದ ಸೆಕ್ಟರ್. ಎಪ್ಪತ್ತರ ಮ್ಯಾಲೆ ವಯಸ್ಸು, ಕಣ್ಣಿನ ಆಪರೇಶನ್ ಆಗೇತಿ, ಸೂಜ್ಯಾಗ ದಾರ ಮಾತ್ರ ಮೊಮ್ಮಗನ ಕಡೆ ಪೋಣಿಸಿಕೋತಾರ. ಅವರ ಮುಂದ ನನ್ನ ಲಾಗ್ ಕ್ಯಾಬಿನ್ ಹರವಿದೆ. ಕೈಯಾಡಸಿದ್ರು, ಎತ್ತಿ ಬೆಳಕಿಗೆ ಹಿಡದ್ರು, ಹಿಂದಮುಂದ ತಿರವಿ ನೋಡಿ ಕೇಳಿದ್ರು, "ಚಂದ ಐತಿ. ಇದರ ಬೆನ್ನ ಎಲ್ಲೈತಿ?"

ಬೆನ್ನ ಇದ್ದಿದ್ದಿಲ್ಲ. ಅಲ್ಲಿ ನಾವು ಕಲ್ತ ಪದ್ಧತಿ ಹೆಂಗಂದ್ರ ಮೊದಲ ಟಾಪ್, ಅಂದ್ರ ಮ್ಯಾಲಿನ ಪದರ, ಅಷ್ಟ ಜೋಡಸೂದು, ಅಂಚಿಂದ ಕಾಲ ಇಂಚ ಬಿಟ್ಟ ಹೊಲಿಯೋ ಸೀಮ್, ಒಂದೊಂದಕ್ಕ ಇಸ್ತ್ರಿ; ಅದಾದ ಮ್ಯಾಲೆ ಬ್ಯಾಟಿಂಗ್ ಅನ್ನೋ ನಡುವಿನ ಹತ್ತಿ ಪದರ ತರೂದು, ಹಿಂದಿನ ಅರಿವಿ ತರೂದು, ಮೂರನ್ನೂ ಸ್ಯಾಂಡ್‌ವಿಚ್ ಮಾಡಿ ಪಿನ್ನ ಹಚ್ಚೂದು, ಮ್ಯಾಲಿಂದ ಕ್ವಿಲ್ಟಿಂಗ್ ಹೊಲಿಗಿ, ಕಡೀಕ ಸುತ್ತಲೂ ಬೈಂಡಿಂಗು, ಅಂದ್ರ ಅಂಚ ಮುಚ್ಚೋ ಪಟ್ಟಿ. ಒಂದೊಂದ ಹಂತ ಮುಗದ ಮ್ಯಾಲೂ ಎದ್ದ ಹೋಗಾಕ ಒಂದ ಬಾಗಲಾ. ನನ್ನ 11ರಾಗ 6 ಆ ಮೊದಲನೇ ಬಾಗಲದಾಗ ನಿಂತಾವು, ಟಾಪ್ ಆಗೇತಿ, ಮುಂದಿಂದು ಇಲ್ಲ.

ಕಾಕು ಮಾಡೂದನ್ನ ನಾ ಸಣ್ಣಾಕಿದ್ದಾಗಿಂದ ನೋಡೀನಿ, ಖರೇ ನೋಡಿದ್ದು ಈ ತಿಂಗಳ. ಹಳೇ ಒಂಬತ್ತ ಗಜದ ಸೀರಿ ಮಡಿಚಿ ನೆಲಕ್ಕ ಹರವತಾರ, ನಡುವ ಹರಕ ಧೋತರ, ಮತ್ತೊಂದ ಸೀರಿ. ಹತ್ತಿ ಗಿತ್ತಿ ಏನಿಲ್ಲ, ಪದರನ ಅದರ ಬೆಚ್ಚಗ. ಕೌದಿ ಮ್ಯಾಲೇನ ಕಾಲ ಚಾಚಿ ಕುಂಡರತಾರ, ತಮ್ಮ ಭಾರಕ್ಕ ಅರಿವಿ ಬಿಗಿ ಹಿಡದಿರತೈತಿ. ಮೂಲಿಯಿಂದ ಶುರು. ತೇಪಿ ಒಂದ ಇಟ್ಟು, ಅದರ ಅಂಚನ್ನ ಉಗರಲೆ ಗೀರಿ ಒಳಗ ಮಡಚತಾರ, ಇಸ್ತ್ರಿ ಇಲ್ಲ ಪಿನ್ನ ಇಲ್ಲ, ಜೋಡ ದಾರದಲೆ ಜೋಳದ ಕಾಳಿನಷ್ಟ ಉದ್ದದ ಹೊಲಿಗಿ, ಸೂಜಿ ತಳದ ತನಕ ಹೋಗಿ ಬರತೈತಿ. ನಾಕೈದ ಹೊಲಿಗಿ ಸೂಜಿ ಮ್ಯಾಲೇನ ಪೋಣಿಸಿ ಒಮ್ಮೆಲೆ ಎಳೀತಾರ, ಆ ದಾರ ಎಳದಾಗ ಬರೋ ಸಪ್ಪಳ ಇನ್ನಾ ಕಿವ್ಯಾಗೈತಿ. ಅಂಚ ಹಿಡದ ನಾಕೂ ಕಡೆ ಸುತ್ತಿ, ಬೆರಳಗಲ ಒಳಗ ಬಂದ ಮತ್ತ ಸುತ್ತು, ಹೋದಂಗ ಹೋದಂಗ ತೇಪಿ ಸೇರಸ್ಕೋತ ನಡುವಿಗೆ ಬರೂದು. ಅಂದ್ರ ನಾವ ಮೂರ್ನಾಕ ಹಂತದಾಗ ಮಾಡೂದೆಲ್ಲಾ ಅವರಿಗೆ ಒಂದ ಹೊಲಿಗಿ.

"ನಡುವ ಕೈ ಬಿಟ್ರ ಏನ ಮಾಡ್ತೀರಿ ಕಾಕು?" ಅಂದೆ.

"ಬಿಟ್ರ ಬಿಡ್ತಿ. ಅಷ್ಟ ಹೊಚ್ಕೊಂಡ ಮಲಗ, ಮುಂದಿನ ಬ್ಯಾಸಗ್ಯಾಗ ಹಚ್ಚೀಯಂತ."

ಖರೇ ನೋಡ್ರಿ, ನಿಂತಲ್ಲಿ ನಿಲ್ಲಿಸಿದ್ರೂ ಅದು ಹೊಚ್ಚಕೊಳ್ಳಾಕ ಬರತೈತಿ. ನಾ ಇಷ್ಟ ವರ್ಷ ನನಗ ಶಿಸ್ತ ಇಲ್ಲ, ಆಳಸಿ ಅದೀನಿ ಅಂತ ಬೈಕೊಂಡೆ, ಶಿಸ್ತ ಇಲ್ಲದ್ದೂ ಖರೇನ, ಆದ್ರ ಹೊಲಿಯೋ ಕ್ರಮಾನೂ ನನ್ನಂಥಾಕಿಗೆ ಹೊಂದೂವಂಥಾದ್ದಲ್ಲ.

ಲಾಗ್ ಕ್ಯಾಬಿನ್‌ಗೆ ಅವ್ವನ ಎರಡ ಹಳೇ ಸೀರಿ ಬೆನ್ನಾದ್ವು. ಕಾಕು ಒಂದ ಕಡಿಂದ, ನಾ ಒಂದ ಕಡಿಂದ, ಅವ್ವ ನಡುನಡುವ ಬಂದ ನಮ್ಮ ಹೊಲಿಗಿ ಸೊಟ್ಟ ಐತಿ ಅಂತ ಹೇಳಿ ಚಹಾ ಇಟ್ಟ ಹೋಗೂದು, ಹಿಂಗ ಐದ ಮಧ್ಯಾನಕ್ಕ ಮುಗೀತು, ಐದು ವರ್ಷದ ಮ್ಯಾಲೆ ಬೇಸ್‌ಮೆಂಟಿನ್ಯಾಗ ಇದ್ದದ್ದು! ಎರಡನೇ ದಿನ ಅದರಾಗಿನ ಖಣದ ಪಟ್ಟಿ ಜಗ್ಗಿದ ಕೂಡಲೆ ಸೀಮ್ ಬಿಚ್ಚಿ ಬಂತು. ಖಣದ ಎಳಿ ಕೊಯ್ದ ಅಂಚಿನ್ಯಾಗ ಭಾಳ ಜಾರತಾವು, ಕಾಲ ಇಂಚ ಸಾಲೂದಿಲ್ಲ, ಅರ್ಧಾ ಇಂಚ ಬಿಡ್ರಿ ಇಲ್ಲಾ ಹಿಂದ ತೆಳ್ಳಗಿನ ಹತ್ತಿ ಅರಿವಿ ಹಚ್ಚಿ ಕೊಯ್ರಿ, ಇಸ್ತ್ರಿನೂ ಕಾವು ಕಡಿಮಿ ಇರಲಿ. ಕಾಕು ಆ ತೂತಿನ ಮ್ಯಾಲೆ ಒಂದ ಹಸರ ತೇಪಿ ಕುಂಡ್ರಿಸಿದ್ರು, ಅಳತಿ ಇಲ್ಲ ಹೊಂದಿಕಿ ಇಲ್ಲ, ಈಗ ಎಲ್ಲಾರ ಕಣ್ಣ ಮೊದಲ ಅಲ್ಲೇ ಹೋಗತೈತಿ.

ಕುಶನ್ ಕವರಿಂದು ಬ್ಯಾರೆ ಫಜೀತಿ. ಕೆಂಪ ಸೆರಗಿನ ಜೋಡಿ ಬಿಳಿ ಅರಿವಿ ಸೇರಿಸಿ ಅಲ್ಲಿದ್ದಾಗೇ ಮಷಿನ್‌ಗೆ ಹಾಕಿದ್ದೆ, ಬಿಳಿ ಎಲ್ಲಾ ಗುಲಾಬಿ ಆಗೇತಿ. ಉಪ್ಪ ಹಾಕಿದ್ರ ಬಣ್ಣ ನಿಲ್ಲತೈತಿ ಅಂತ ಎಲ್ಲಾರೂ ಅಂತಾರ, ನನಗ ನಿಂತಿಲ್ಲ. ಕೊಯ್ಯೂಕಿಂತ ಮೊದಲ ಬಿಳಿ ಚಿಂದಿ ತೋಯ್ಸಿ ಸೆರಗಿನ ಮ್ಯಾಲೆ ಒತ್ತಿ ನೋಡಬೇಕಂತ, ಬಣ್ಣ ಹತ್ತಿದ್ರ ಹತ್ತೂದು ನಿಲ್ಲೂತನಕ ಬ್ಯಾರೆ ಒಗೀಬೇಕಂತ. ಅದಕ್ಕಿಂತ ಕಾಕುಗೆ ಬ್ಯಾಸರ ಆಗಿದ್ದು ನಾ ಕತ್ರಿ ಆಡಿಸಿದ ಜಾಗಾ. ಇಳಕಲ್ ಸೀರ್‍ಯಾಗ ಒಡಲಿನ ಎಳಿಗೆ ಸೆರಗಿನ ಎಳಿ ಕೊಂಡಿ ಹಾಕಿ ಸೇರಸ್ತಾರಲ್ಲ, ತೋಪ ತೆನಿ ಅಂತ, ಸರಿ ಅದರ ಮ್ಯಾಲೇನ ಕೊಯ್ದಿದ್ದೆ. ಚ್ ಚ್ ಅಂದ್ರು ಅಷ್ಟ, ಬೈಲಿಲ್ಲ, ಬೈದಿದ್ರ ಚಲೋ ಇತ್ತು. ಜಿಪ್ ಹಚ್ಚಿಲ್ಲ ಇನ್ನಾ.

ಮೂರನೇತ್ತ ಹುಡಗಿ ಕೌದಿ ಈಗ ತೊಡಿ ಮ್ಯಾಲಿರೂದು. ತೊಟ್ಟಿಲಿಗೆ ಅಂತ ಹೊಲದದ್ದು, ಆಕಿ ಮೊಣಕಾಲಿಗೂ ಮುಟ್ಟೂದಿಲ್ಲ. ಸುತ್ತಲೂ ಸೀರಿ ಅಂಚ ಸೇರಿಸಿ ಬೆಳಸಿದ್ರಾತು ಅಂದ್ರು ಕಾಕು, ಹಂಗಾಗಿ ಒಂದ ಸುತ್ತ ಖಣ, ಆನಿ ಹೆಜ್ಜಿದೊಂದು ತೇರಿಂದೊಂದು ನೋಡಿ ಇಟ್ಟೀನಿ, 37ರಾಗ 14 ಖರ್ಚಾತು. ನಾಕನೇದ್ದರ ಬಗ್ಗೆ ಕೇಳಬ್ಯಾಡ್ರಿ.

ಏಪ್ರಿಲ್‌ನ್ಯಾಗ ಯುಗಾದಿ ಊಟ ಮುಗದ ಮುಂದಿನ ಶನಿವಾರ ಹಾಲ್ ಖಾಲಿ ಐತಂತ, ನಾ ಕೇಳಿ ಇಟ್ಟೀನಿ. ನಿಮ್ಮ ನಿಮ್ಮ ಅರ್ಧಾ ಹೊಲಿಗಿ, ಕಪಾಟಿನ ಖಣ, ಹಳೇ ಕಾಟನ್ ಸೀರಿ ತಗೊಂಡ ಬರ್ರಿ, ಪಾಲಿಸ್ಟರ್ ಬ್ಯಾಡ, ಸೂಜಿ ಇಳಿಯೂದಿಲ್ಲ. ಗಂಡಸರೂ ಬರಬಹುದು, ಸೂಜ್ಯಾಗ ದಾರ ಪೋಣಿಸೂ ಕೆಲಸ ಭಾಳ ಇರತೈತಿ.

ನಿನ್ನಿ ಸೂಟ್‌ಕೇಸ್ ತೂಕಕ್ಕ ಇಟ್ರ 27 ಕೆಜಿ ಬಂತು, ನಾಕ ಕೆಜಿ ಹೆಚ್ಚು. ಬರೋವಾಗ ಬರೇ ಟಾಪ್ ಇದ್ವು, ಈಗ ಬೆನ್ನೂ ಬಂದೈತಿ. ಒಳಗ ಅಮೀನಗಡ ಕರದಂಟು, ಶೇಂಗಾ ಚಟ್ನಿ, ಎರಡ ಕೌದಿ. ಕರದಂಟು ತಗೀತೀನಿ ಅಂದ್ರ ಮನಿಯವರು ಫೋನಿನ್ಯಾಗ ಮಾತ ಬಿಟ್ಟಾರ, ಚಟ್ನಿಗೆ ಕೈ ಹಚ್ಚಿದ್ರ ಅವ್ವ ಬಿಡೂದಿಲ್ಲ. ರಾಫಲ್ ಕ್ವಿಲ್ಟ್ ಮೈ ಮ್ಯಾಲೆ ಹೊಚ್ಕೊಂಡ ವಿಮಾನ ಹತ್ತಾಕಿ ಅದೀನಿ, ಹಸರ ತೇಪಿ ಒಳಗ ಮಾಡಿ.