ಪೊರಕೆ ಹಿಡಿಯಲು ಕಲಿಸಿದವರಿಗೆ, ಬಸ್ಸು ನಿಲ್ಲಿಸಿಕೊಂಡವರಿಗೆ

ಹೋದ ಶನಿವಾರ ಸಂಜೆ ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದಲ್ಲಿ ನಮ್ಮ ಕಾಲೇಜಿನ ಮಕ್ಕಳು ಕುವೆಂಪು ಅವರ ‘ಜಲಗಾರ’ ನಾಟಕ ಆಡಿದರು. ನಮ್ಮ ರಂಗತಂಡದ ಹತ್ತನೆಯ ನಾಟಕ ಇದು. ಮುಗಿದ ಮೇಲೆ ವಂದನಾರ್ಪಣೆಗೆಂದು ಮೈಕು ನನ್ನ ಕೈಗೆ ಬಂತು. ನಾಲ್ಕು ಹೆಸರು ಹೇಳುವಷ್ಟರಲ್ಲಿ ಗಂಟಲು ಕಟ್ಟಿತು. ಅಂದು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ‘ನಮ್ಮ ಹೆಸರೆಲ್ಲ ಹಾಕಬೇಡಿ ಮೇಡಂ’ ಎಂದು ಹಲವರು ಹೇಳಿದ್ದಾರೆ, ಹಾಗಾಗಿ ಹೆಸರುಗಳಿಲ್ಲ. ಯಾರ ವಿಷಯ ಎಂದು ಅವರವರಿಗೆ ಗೊತ್ತಾಗುತ್ತದೆ.

ಈ ಲೆಕ್ಕ ಆರಕ್ಕೇ ನಿಂತುಹೋಗುವುದಿತ್ತು. 2020ರ ಮಾರ್ಚ್ 27, ವಿಶ್ವ ರಂಗಭೂಮಿ ದಿನ, ಅಂದು ಏಳನೆಯ ನಾಟಕ ಇಟ್ಟುಕೊಂಡಿದ್ದೆವು. ಆಹ್ವಾನ ಪತ್ರಿಕೆ ಅಚ್ಚಾಗಿ ಬಂದಿತ್ತು. ಎರಡು ದಿನ ಮೊದಲು ಲಾಕ್‌ಡೌನ್ ಆಯಿತು. ರಂಗಸಜ್ಜಿಕೆಯನ್ನು ಸ್ಟೋರ್ ರೂಮಿಗೆ ತುಂಬಿ ಬೀಗ ಹಾಕಿ ಮನೆಗೆ ಹೋದೆವು. ಎರಡು ಮಳೆಗಾಲ ಕಳೆದು ಬೀಗ ತೆಗೆದಾಗ ನಟರು ಹತ್ತಿ ನಿಲ್ಲುವ ಲೆವೆಲ್ಲುಗಳ ಪ್ಲೈವುಡ್ ಉಬ್ಬಿ ಪದರ ಪದರವಾಗಿ ಬಿಚ್ಚಿಕೊಂಡಿತ್ತು, ಕಪ್ಪು ಪರದೆಗೆ ಬೂಷ್ಟು ಹಿಡಿದಿತ್ತು.

ಮರದ ಸಾಮಾನು ಹೋದರೆ ಮತ್ತೆ ಮಾಡಿಸಬಹುದು. ನಿಜವಾದ ನಷ್ಟ ಆಮೇಲೆ ಗೊತ್ತಾಯಿತು. ಡಿಗ್ರಿ ಓದು ಮೂರೇ ವರ್ಷ. ಕೊನೆಯ ವರ್ಷದವರು ಹೊಸಬರಿಗೆ ಹೇಳಿಕೊಟ್ಟು ಹೋಗುತ್ತಾರೆ, ತಂಡ ಉಳಿಯುವುದು ಅದರಿಂದ. ಪರದೆಯ ಹಗ್ಗಕ್ಕೆ ಯಾವ ಗಂಟು, ನೆರಳು ರಂಗಕ್ಕೆ ಬೀಳದಂತೆ ಪಕ್ಕದ ವಿಂಗ್‌ನಲ್ಲಿ ಎಲ್ಲಿ ನಿಲ್ಲಬೇಕು, ಬಣ್ಣ ಹಚ್ಚುವ ಮುಂಚೆ ಮುಖಕ್ಕೆ ಎಣ್ಣೆ ಎಷ್ಟು, ಇವನ್ನೆಲ್ಲ ನಾನು ಯಾವತ್ತೂ ಕಲಿಸಿರಲಿಲ್ಲ. ಮಕ್ಕಳೇ ಮಕ್ಕಳಿಗೆ ಕಲಿಸುತ್ತಿದ್ದರು. 2022ರ ಕೊನೆಗೆ ಮತ್ತೆ ತಾಲೀಮು ಶುರು ಮಾಡಿದಾಗ ಒಮ್ಮೆಯಾದರೂ ರಂಗ ಹತ್ತಿದ್ದ ಒಬ್ಬ ವಿದ್ಯಾರ್ಥಿಯೂ ಕಾಲೇಜಿನಲ್ಲಿ ಉಳಿದಿರಲಿಲ್ಲ.

ಆಗ ಬಂದವನು ನೀನು, ನಮ್ಮ ಹಳೆಯ ವಿದ್ಯಾರ್ಥಿ. ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ವಾರವಿಡೀ ಮೂಟೆಗಳ ಲೆಕ್ಕ ಬರೆದು, ಇರುವ ಒಂದೇ ರಜೆಯನ್ನು ನಮಗೆ ಕೊಟ್ಟೆ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬಂದು, ಆ ಬೂಷ್ಟು ಹಿಡಿದ ಪರದೆಯನ್ನು ಹುಡುಗರ ಜೊತೆ ನೀನೇ ಒಗೆದು, ಹಗ್ಗ ಕಟ್ಟುವುದರಿಂದ ಹಿಡಿದು ಎಲ್ಲವನ್ನೂ ಮೊದಲಿಂದ ಹೇಳಿಕೊಟ್ಟೆ. ಮದುವೆಯಾದ ಮೇಲೂ ಬರುವುದು ಬಿಡಲಿಲ್ಲ. ನಿನ್ನ ಋಣ ದೊಡ್ಡದು ಕಣೋ, ನಿನ್ನ ಹೆಂಡತಿಯದು ಇನ್ನೂ ದೊಡ್ಡದು.

‘ಜಲಗಾರ’ ಆರಿಸಿದ್ದು ಏಕೆ ಎಂದು ಕೆಲವರು ಕೇಳಿದರು. 1928ರ ನಾಟಕ. ನಮ್ಮದೇ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರಿಗೆ ಆಗ 23 ವರ್ಷ, ನಮ್ಮ ಮಕ್ಕಳಿಗಿಂತ ಎರಡು ಮೂರು ವರ್ಷ ದೊಡ್ಡವರು ಅಷ್ಟೇ. ಬೀದಿ ಗುಡಿಸುವ ಜಲಗಾರನ ಹತ್ತಿರ ಶಿವ ತಾನೂ ಜಲಗಾರನಾಗಿ ಬಂದು ನಿಲ್ಲುತ್ತಾನೆ. ಈ ವಯಸ್ಸಿನಲ್ಲಿ ಇಂಥದ್ದನ್ನು ಬಾಯಿಪಾಠ ಮಾಡಿದವರು ಮುಂದೆ ಮರೆಯಲಾರರು ಎಂಬುದು ನನ್ನ ನಂಬಿಕೆ. ಆದರೆ ನಾಟಕದ ಮಾತೆಲ್ಲ ಸರಳರಗಳೆ, ಅಂದರೆ ಪ್ರಾಸವಿಲ್ಲದ ಪದ್ಯ, ಅದು ನಾಲಿಗೆಗೆ ಸುಲಭವಾಗಿ ಬರುವುದಿಲ್ಲ. ಐದೈದು ಮಾತ್ರೆಯ ನಾಲ್ಕು ಗಣ ಎಂದು ಹಲಗೆಯ ಮೇಲೆ ಬರೆದು ತೋರಿಸಿದೆ, ಮಕ್ಕಳು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದರು. ಬಸವನಹಳ್ಳಿಯ ಒಬ್ಬ ನಿವೃತ್ತ ಮೇಷ್ಟ್ರು ಬಂದು ಪುಸ್ತಕ ಮುಚ್ಚಿಸಿದರು. ‘ಸಾಲು ಮುಗಿದಲ್ಲಿ ಉಸಿರು ತಗೋಬೇಡಿ, ಮಾತು ಮುಗಿದಲ್ಲಿ ತಗೊಳ್ಳಿ’ ಎಂದರು. ಅಷ್ಟೇ. ಮೂರು ದಿನದಲ್ಲಿ ಪದ್ಯ ಮಾತಾಯಿತು. ಸರ್, ನಿಮಗೆ ನಮಸ್ಕಾರ.

ಇನ್ನು ಬಸ್ಸಿನ ವಿಷಯ. ತಂಡದ 22 ಮಕ್ಕಳಲ್ಲಿ 14 ಜನ ಹಳ್ಳಿಯಿಂದ ಬರುವವರು. ತಾಲೀಮು ಶುರುವಾಗುವುದು ಕ್ಲಾಸು ಬಿಟ್ಟ ಮೇಲೆ, ಸಂಜೆ ನಾಲ್ಕೂವರೆಗೆ. ಬಾಳೆಹೊನ್ನೂರು ಕಡೆಗೆ ಹೋಗುವ ಐದು ಹುಡುಗಿಯರು ಆ ರೂಟಿನ ಒಂದು ಖಾಸಗಿ ಬಸ್ಸನ್ನು ನಂಬಿಕೊಂಡಿದ್ದರು. ಖಾಸಗಿ ಬಸ್ಸಿಗೆ ಟೈಮಿಂಗ್ ಎಂದರೆ ಪ್ರಾಣ, ಐದು ನಿಮಿಷ ತಡವಾದರೂ ಹಿಂದಿನ ಬಸ್ಸಿನವರ ಜೊತೆ ಜಗಳ. ಆದರೂ ಎರಡು ತಿಂಗಳು, ಮಕ್ಕಳು ಓಡಿ ಬರುವುದು ಕಾಣುವವರೆಗೆ ಆ ಕಂಡಕ್ಟರು ವಿಸಿಲ್ ಊದಲಿಲ್ಲ. ಕತ್ತಲಾದ ಮೇಲೆ ಎಸ್ಟೇಟ್ ಗೇಟಿನ ಹತ್ತಿರ ಹುಡುಗಿಯರು ಇಳಿದರೆ, ಕರೆದುಕೊಂಡು ಹೋಗಲು ಬಂದವರ ಟಾರ್ಚು ಕಾಣುವ ತನಕ ಡ್ರೈವರು ಹೆಡ್‌ಲೈಟು ಹಾಗೇ ಇಟ್ಟು ನಿಲ್ಲಿಸುತ್ತಿದ್ದರಂತೆ. ಇದು ನನಗೆ ತಿಳಿದದ್ದೇ ನಾಟಕದ ಹಿಂದಿನ ದಿನ. ಅಣ್ಣಂದಿರೇ, ಆ ಐವರನ್ನು ಅವರ ಅಪ್ಪ ಅಮ್ಮಂದಿರು ತಾಲೀಮಿಗೆ ಕಳಿಸಿದ್ದು ನಿಮ್ಮ ಮೇಲಿನ ಧೈರ್ಯದಿಂದ.

ಆ ಮನೆಗಳವರಿಗೂ ಒಂದು ಮಾತು ಹೇಳಬೇಕು. ನಮ್ಮ ತಾಲೀಮು ಬಿದ್ದದ್ದು ರೊಬಸ್ಟಾ ಕಾಫಿ ಕುಯ್ಲಿನ ಹೊತ್ತಿಗೆ. ಶನಿವಾರ ಭಾನುವಾರ ಅಪ್ಪ ಅಮ್ಮನ ಜೊತೆ ಹಣ್ಣು ಕುಯ್ದರೆ ಕಿಲೋ ಲೆಕ್ಕದಲ್ಲಿ ಕೂಲಿ ಬರುತ್ತದೆ, ಫೀಸು ಕಟ್ಟಲು ಆಗುತ್ತದೆ. ಅದನ್ನು ಬಿಟ್ಟು ಬಂದ ಮಕ್ಕಳಿದ್ದಾರೆ, ‘ಹೋಗು ಪರವಾಗಿಲ್ಲ’ ಎಂದ ತಾಯಂದಿರಿದ್ದಾರೆ. ಟಿಕೆಟ್ಟಿಲ್ಲದ ನಾಟಕಕ್ಕೆ ಅಷ್ಟು ದುಡ್ಡು ಸುರಿದವರು ನೀವೇ ಅಮ್ಮಾ.

ಪ್ರಾಂಶುಪಾಲರಿಗೆ, ಇಂಟರ್ನಲ್ ಟೆಸ್ಟನ್ನು ಎರಡು ದಿನ ಮುಂದಕ್ಕೆ ಹಾಕಿದ ಸಹೋದ್ಯೋಗಿಗಳಿಗೆ, ಬೆಳಕು ಧ್ವನಿಯವರಿಗೆ, ಮಧ್ಯಾಹ್ನ ಚಿತ್ರಾನ್ನ ಕಳಿಸಿದ ಕ್ಯಾಂಟೀನಿನವರಿಗೆ ಧನ್ಯವಾದ.

ಕೊನೆಯದಾಗಿ ಅಕ್ಕ, ನೀವು. ಎಂ.ಜಿ. ರಸ್ತೆಯಲ್ಲಿ ಬೆಳಗಿನ ಐದೂವರೆಗೆ ಗುಡಿಸುವ ನಿಮ್ಮ ಹತ್ತಿರ, ಜಲಗಾರನ ಪಾತ್ರ ಮಾಡುವ ನಮ್ಮ ಹುಡುಗಿಯನ್ನು ಕರೆದುಕೊಂಡು ಬಂದಿದ್ದೆ. ಅವಳು ಪೊರಕೆಯನ್ನು ಮನೆಯಲ್ಲಿ ಗುಡಿಸುವ ಹಾಗೆ ಬಗ್ಗಿ ಹಿಡಿದಳು. ನೀವು ಬಿದಿರಿನ ಹಿಡಿಯ ಮೇಲೆ ಅವಳ ಎರಡೂ ಕೈಗಳನ್ನು ಸರಿಯಾದ ಜಾಗಕ್ಕೆ ಇಟ್ಟು, ‘ಬೆನ್ನು ಬಗ್ಗಿಸಬೇಡಮ್ಮ, ಸಾಯಂಕಾಲಕ್ಕೆ ಸೊಂಟ ಹಿಡಿಯುತ್ತೆ. ಮೊದಲು ಗಾಳಿ ಯಾವ ಕಡೆಯಿಂದ ಬರ್ತಿದೆ ನೋಡು’ ಎಂದಿರಿ. ನಾಲ್ಕು ಬೆಳಗು ಅವಳು ನಿಮ್ಮ ಜೊತೆ ಗುಡಿಸಿದಳು. ಕಡ್ಡಿಪೊರಕೆ ಟಾರಿನ ಮೇಲೆ ಎಳೆಯುವ ಆ ಸದ್ದನ್ನೇ ನಾಟಕದ ಮೊದಲ ಎರಡು ನಿಮಿಷ ಇಟ್ಟೆವು, ಬೇರೆ ಸಂಗೀತ ಬೇಕಾಗಲಿಲ್ಲ.

ಶನಿವಾರ ನೀವು ಮಗಳ ಜೊತೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಿರಿ. ಶಿವ ಕಾಣಿಸಿಕೊಂಡಾಗ ಜಲಗಾರನ ಕೈಯಿಂದ ಪೊರಕೆ ಜಾರಿ ಬೀಳಬೇಕು ಎಂದು ಹೇಳಿಕೊಟ್ಟವಳು ನಾನು. ಜನ ಚಪ್ಪಾಳೆ ತಟ್ಟಿದರು. ನಾಟಕ ಮುಗಿದ ಮೇಲೆ ನೀವು ಒಳಗೆ ಬಂದು ಅವಳ ಕೆನ್ನೆ ಸವರಿ, ‘ಪೊರಕೆ ಹಿಡಿದದ್ದು ಚೆನ್ನಾಗಿತ್ತು ಕಣಮ್ಮ. ಆದ್ರೆ ಕೆಳಗೆ ಹಾಕಿಬಿಟ್ಯಲ್ಲ, ದೇವರು ಬಂದ್ರೂ ಹಾಗೆ ಹಾಕಬಾರದು, ಅದು ನಮಗೆ ಅನ್ನ’ ಎಂದಿರಿ.

ಮುಂದಿನ ತಿಂಗಳು ಕಡೂರಿನಲ್ಲಿ ಎರಡನೆಯ ಪ್ರದರ್ಶನ ಇದೆ. ನಿನ್ನೆ ತಾಲೀಮಿನಲ್ಲಿ ಆ ಜಾಗ ಬದಲಾಯಿಸಿದೆವು. ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಕೈ ಒರೆಸಿಕೊಂಡು, ಆಮೇಲೆ ಶಿವನ ಕಡೆ ತಿರುಗುತ್ತಾಳೆ. ನಿಮಗೂ ನಿಮ್ಮ ಮಗಳಿಗೂ ಆ ದಿನ ಕಾಲೇಜಿನ ಗಾಡಿಯಲ್ಲಿ ಸೀಟು ಇಟ್ಟಿದ್ದೇವೆ ಅಕ್ಕ, ಬರಲೇಬೇಕು.