ಬಾಣಂತನ ಮುಗಿಯುವವರೆಗೆ ವಿಮೆ ಕಾಯುವುದಿಲ್ಲ

ಮಾನ್ಯ ಸಂಪಾದಕರೇ,

ನಮ್ಮ ಮಲೆನಾಡಿನಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಹೊಸನಗರದ ಸೊಸೆ ಸೀಮಂತ ಮುಗಿಸಿಕೊಂಡು ಸಾಗರದ ತವರಿಗೆ ಹೋಗುತ್ತಾಳೆ. ಹೆರಿಗೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ಆಗುತ್ತದೆ, ಮೂರು ತಿಂಗಳ ಬಾಣಂತನ ಮುಗಿದ ಮೇಲೆ ಮಗುವಿನೊಂದಿಗೆ ಗಂಡನ ಮನೆ ಸೇರುತ್ತಾಳೆ. ಗಂಡನಿಗೆ ಬೆಂಗಳೂರಿನ ಕಂಪನಿ ತನ್ನ ನೌಕರರಿಗೆಲ್ಲ ಸೇರಿಸಿ ಮಾಡಿಸಿದ ಗುಂಪು ಆರೋಗ್ಯ ವಿಮೆ ಇದೆ. ಇಂಥ ಬಹಳಷ್ಟು ಗುಂಪು ವಿಮೆಗಳಲ್ಲಿ ಮಗುವಿನ ಹೆಸರು ಸೇರಿಸಲು ಸಿಗುವ ಕಾಲ ಹುಟ್ಟಿದ ದಿನದಿಂದ 30 ದಿನ ಅಷ್ಟೇ. ಮಗು ಮನೆಗೆ ಬಂದ ಮೇಲೆ ನಿಧಾನಕ್ಕೆ ಕಾಗದಪತ್ರ ಕಳುಹಿಸಿದರೆ, ಮುಂದಿನ ನವೀಕರಣದಲ್ಲಿ ಸೇರಿಸೋಣ ಎಂಬ ಉತ್ತರ ಬರುತ್ತದೆ. ನವೀಕರಣ ಇನ್ನೂ ಎಂಟು ತಿಂಗಳು ದೂರ ಇದ್ದರೆ ಆ ಎಂಟು ತಿಂಗಳು ಕೂಸಿಗೆ ವಿಮೆಯ ರಕ್ಷಣೆ ಇಲ್ಲ.

ಆರೋಗ್ಯ ವಿಮೆಗೆ ವರ್ಷಕ್ಕೊಮ್ಮೆ ಮಾತ್ರ ಹೆಸರು ಸೇರಿಸಬಹುದು ಎಂದು ತಿಳಿದವರೇ ಹೆಚ್ಚು. ನಿಜವಾಗಿ ಹುಟ್ಟು, ಮದುವೆ, ಕೆಲಸ ಬಿಡುವುದು ಇಂಥ ಸಂದರ್ಭಗಳಲ್ಲಿ ನಡುವರ್ಷದಲ್ಲೂ ಅವಕಾಶವಿದೆ. ಆದರೆ ಅದು ಬಹಳ ಕಡಿಮೆ ದಿನದ ಅವಕಾಶ. ಕಾಯಿಲೆ ಬಿದ್ದ ಮೇಲೆ ಹೆಸರು ಸೇರಿಸುವುದನ್ನು ತಡೆಯಲು ವಿಮಾ ಕಂಪನಿಗಳು ದಿನಗಳನ್ನು ಬಿಗಿಯಾಗಿ ಇಟ್ಟಿವೆ. ಆ ಲೆಕ್ಕಾಚಾರ ತಪ್ಪಲ್ಲ. ನಮ್ಮ ಮನೆಗಳ ಪದ್ಧತಿಗೂ ಆ ದಿನಗಳಿಗೂ ತಾಳೆಯಾಗದಿರುವುದೇ ತೊಂದರೆ.

ಹೆರಿಗೆಯ ವಿಷಯವನ್ನೇ ಮೊದಲು ಹೇಳುತ್ತೇವೆ, ಹೆಚ್ಚು ಕುಟುಂಬಗಳು ಎಡವುವುದು ಇಲ್ಲೇ. ಜನನ ನೋಂದಣಿ ಆಗುವುದು ಮಗು ಹುಟ್ಟಿದ ಊರಿನಲ್ಲಿ, ತಂದೆ ತಾಯಿ ವಾಸಿಸುವ ಊರಿನಲ್ಲಲ್ಲ. 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ಅಲ್ಲಿಂದ 30ನೇ ದಿನದವರೆಗೆ ವಿಳಂಬ ಶುಲ್ಕ ಕಟ್ಟಬೇಕು, ಅದನ್ನೂ ದಾಟಿದರೆ ಅಧಿಕಾರಿಯ ಲಿಖಿತ ಅನುಮತಿ ಬೇಕು. ನಾಮಕರಣ ಆಗಿಲ್ಲವೆಂದು ಪ್ರಮಾಣಪತ್ರ ತರದೆ ಕೂರುವುದು ದೊಡ್ಡ ತಪ್ಪು. ಹೆಸರಿಲ್ಲದೆಯೂ ಜನನ ನೋಂದಣಿ ಆಗುತ್ತದೆ, ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶದಲ್ಲಿ ‘ಇಂಥವರ ಗಂಡು ಮಗು’ ಎಂದಷ್ಟೇ ಇದ್ದರೂ ಅನೇಕ ಕಂಪನಿಗಳು ಮೊದಲ ಅರ್ಜಿಯನ್ನು ತೆಗೆದುಕೊಳ್ಳುತ್ತವೆ. ಮಗು ಹುಟ್ಟಿದ ವಾರದಲ್ಲೇ ಎಚ್‌ಆರ್ ವಿಭಾಗಕ್ಕೆ ಇಮೇಲ್ ಹೋಗಲಿ, ಪ್ರಮಾಣಪತ್ರ ಹಿಂದಿನಿಂದ ಹೋಗಲಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ, ದಿನಾಂಕವಿರುವ ಇಮೇಲ್ ಮಾತ್ರ ನಾಳೆ ಸಾಕ್ಷಿಯಾಗುತ್ತದೆ.

ಇನ್ನೊಂದು ಎಡವಟ್ಟು ಆಸ್ಪತ್ರೆಯ ದಾಖಲಾತಿ ಕೌಂಟರಿನಲ್ಲೇ ಶುರುವಾಗುತ್ತದೆ. ರಾತ್ರಿ ಹೊತ್ತಿನಲ್ಲಿ ನೋವು ಕಾಣಿಸಿಕೊಂಡು ಗಡಿಬಿಡಿಯಲ್ಲಿ ಬಂದಿರುತ್ತಾರೆ. ಅರ್ಜಿ ತುಂಬುವುದು ಹುಡುಗಿಯ ತಮ್ಮನೋ ಅಪ್ಪನೋ. ಅವರು ಬರೆಯುವುದು ತವರಿನ ಹೆಸರು, ತವರಿನ ವಿಳಾಸ. ಆಧಾರ್‌ನಲ್ಲಿ ತಂದೆಯ ಇನಿಷಿಯಲ್, ವಿಮೆಯ ಕಾರ್ಡಿನಲ್ಲಿ ಗಂಡನ ಹೆಸರು, ಈಗ ಆಸ್ಪತ್ರೆಯಲ್ಲಿ ಮೂರನೆಯದು. ಅದೇ ಹೆಸರು ಜನನ ಪ್ರಮಾಣಪತ್ರಕ್ಕೂ ಹೋಗುತ್ತದೆ, ಕೊನೆಗೆ ಮಗುವಿನ ತಾಯಿ ವಿಮೆಯಲ್ಲಿರುವ ಹೆಂಗಸೇ ಎಂದು ಸಾಬೀತು ಮಾಡುವುದರಲ್ಲಿ 30 ದಿನ ಕಳೆದುಹೋಗುತ್ತದೆ. ಏಳನೇ ತಿಂಗಳಲ್ಲಿ ತವರಿಗೆ ಹೊರಡುವಾಗ ಸೀರೆ, ಕುಪ್ಪಸದ ಜೊತೆ ವಿಮೆ ಕಾರ್ಡಿನ ಪ್ರತಿ ಮತ್ತು ಆಧಾರ್ ಪ್ರತಿ ಒಂದು ಕವರಿನಲ್ಲಿರಲಿ. ಆಸ್ಪತ್ರೆಯ ಅರ್ಜಿಯನ್ನು ಅದನ್ನು ನೋಡಿಕೊಂಡೇ ತುಂಬಲಿ.

ಮದುವೆಯದ್ದೂ ಇದೇ ಕತೆ. ಗುಂಪು ವಿಮೆಗೆ ಹೆಂಡತಿಯನ್ನೋ ಗಂಡನನ್ನೋ ಸೇರಿಸಲು ಸಾಮಾನ್ಯವಾಗಿ ಮದುವೆ ನೋಂದಣಿ ಪ್ರಮಾಣಪತ್ರ ಕೇಳುತ್ತಾರೆ. ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲೇ ಅರ್ಜಿ ಹಾಕಬಹುದಾದ್ದರಿಂದ ಬೀಗರೂಟ ಮುಗಿದ ವಾರದಲ್ಲೇ ಹಾಕಿಬಿಡುವುದು ಒಳ್ಳೆಯದು. ಸ್ವಂತ ದುಡ್ಡಿನಲ್ಲಿ ಕೊಂಡ, ಇಡೀ ಮನೆಗೆ ಒಂದೇ ಮೊತ್ತದ ರಕ್ಷಣೆ ಕೊಡುವ ಫ್ಯಾಮಿಲಿ ಫ್ಲೋಟರ್ ಪಾಲಿಸಿಯಾದರೆ ನಿಯಮ ಕಂಪನಿಯಿಂದ ಕಂಪನಿಗೆ ಬೇರೆ. ಕೆಲವು ಮಗುವನ್ನು 90 ದಿನ ತುಂಬಿದ ಮೇಲಷ್ಟೇ ಸೇರಿಸಿಕೊಳ್ಳುತ್ತವೆ. ಒಂದು ಸಂಗತಿಯನ್ನು ಏಜೆಂಟರೂ ಬಿಡಿಸಿ ಹೇಳುವುದಿಲ್ಲ: ಹೊಸದಾಗಿ ಸೇರಿದವರ ಕಾಯುವ ಅವಧಿ ಅವರು ಸೇರಿದ ದಿನದಿಂದ ಶುರುವಾಗುತ್ತದೆ, ಪಾಲಿಸಿ ಎಷ್ಟೇ ಹಳೆಯದಿರಲಿ. ಮೊದಲ 30 ದಿನ ಅಪಘಾತಕ್ಕೆ ಮಾತ್ರ ರಕ್ಷಣೆ. ಮೊದಲೇ ಇದ್ದ ಕಾಯಿಲೆಗೆ ಹೆಚ್ಚೆಂದರೆ ಮೂರು ವರ್ಷ ಕಾಯಬೇಕು. 2024ರ ಏಪ್ರಿಲ್‌ಗೆ ಮೊದಲು ಈ ಮಿತಿ ನಾಲ್ಕು ವರ್ಷವಿತ್ತು. ಅಪಘಾತಕ್ಕೆ ಮೊದಲ ದಿನದಿಂದಲೇ ರಕ್ಷಣೆ ಇರುವುದು ನಮ್ಮ ಕಡೆ ಸಣ್ಣ ಮಾತಲ್ಲ. ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆಯುವಾಗಲೋ ಕೊಯ್ಲಿನಲ್ಲಿ ಗೊನೆ ಇಳಿಸುವಾಗಲೋ ಅಡಿಕೆ ಮರದಿಂದ ಬಿದ್ದು ಸೊಂಟ ಮುರಿದುಕೊಳ್ಳುವವರು ಇಲ್ಲಿ ಪ್ರತಿ ವರ್ಷ ಇದ್ದಾರೆ.

ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಮರಳುವ ಹುಡುಗರಿಗೆ ಒಂದು ಮಾತು. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ಮುಗಿಯುತ್ತದೆ. ನಿಮ್ಮ ಜೊತೆಗೆ ಅದರಲ್ಲಿದ್ದ ಅಪ್ಪ ಅಮ್ಮನ ರಕ್ಷಣೆಯೂ ಅದೇ ದಿನ ಹೋಗುತ್ತದೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗವಾಗುವ ಅವಕಾಶವನ್ನು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮ ಕೊಟ್ಟಿದೆ. ಹೀಗೆ ವರ್ಗವಾದರೆ ಗುಂಪು ವಿಮೆಯಲ್ಲಿ ಕಳೆದ ವರ್ಷಗಳು ಕಾಯುವ ಅವಧಿಯಿಂದ ಕಳೆಯುತ್ತವೆ. ಸಕ್ಕರೆ ಕಾಯಿಲೆಯಿರುವ ಅಪ್ಪ ಮೂರು ವರ್ಷ ನಿಮ್ಮ ಗುಂಪು ವಿಮೆಯಲ್ಲಿದ್ದರೆ ಹೊಸ ಪಾಲಿಸಿಯಲ್ಲಿ ಮತ್ತೆ ಮೂರು ವರ್ಷ ಕಾಯಬೇಕಿಲ್ಲ. ಈ ಅರ್ಜಿಯನ್ನು ನೋಟಿಸ್ ಅವಧಿಯಲ್ಲೇ ಹಾಕಬೇಕು. ಊರಿಗೆ ಬಂದು, ಕೊಯ್ಲು ಮುಗಿಸಿ, ಆಮೇಲೆ ನೋಡೋಣ ಎಂದರೆ ಆ ಅವಕಾಶ ಕೈತಪ್ಪಿ ಹೊಸಬರಂತೆ ಸೊನ್ನೆಯಿಂದ ಶುರು ಮಾಡಬೇಕು. ಪ್ರತಿ ವರ್ಷದ ವಿಮೆ ಕಾರ್ಡ್, ಯಾವ ದಿನದಿಂದ ಯಾವ ದಿನದವರೆಗೆ ರಕ್ಷಣೆಯಿತ್ತು ಎಂಬ ಪತ್ರ, ಹಿಂದಿನ ಕ್ಲೇಮುಗಳ ವಿವರ ಇವನ್ನು ಕಂಪನಿಯ ಇಮೇಲ್ ಮುಚ್ಚುವ ಮೊದಲೇ ಇಳಿಸಿಕೊಳ್ಳಿ. ಅರ್ಜಿಯಲ್ಲಿ ಬಿಪಿ, ಸಕ್ಕರೆ ಯಾವುದನ್ನೂ ಮುಚ್ಚಿಡಬೇಡಿ. ಕಂತು ಸ್ವಲ್ಪ ಹೆಚ್ಚಾಗಬಹುದು, ಆದರೆ ಮುಚ್ಚಿಟ್ಟ ಕಾಯಿಲೆ ಕ್ಲೇಮು ತಿರಸ್ಕಾರಕ್ಕೆ ಕಾರಣ ಕೊಡುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಫ್ಯಾಮಿಲಿ ಪಾಲಿಸಿಗಳ ಕಂತಿನ ಮೇಲೆ ಜಿಎಸ್‌ಟಿ ಇಲ್ಲ.

ಶಿವಮೊಗ್ಗ ಬಳಿಯ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವವರಿಗೆ ಇಎಸ್‌ಐ, ಎಂದರೆ ನೌಕರರ ರಾಜ್ಯ ವಿಮೆ, ಇದೆ. ಅದಕ್ಕೆ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ. ನಡುವೆ ಸಂಬಳ ಇದನ್ನು ದಾಟಿದರೂ ಆ ವಂತಿಗೆ ಅವಧಿ ಮುಗಿಯುವವರೆಗೆ, ಎಂದರೆ ಸೆಪ್ಟೆಂಬರ್ 30 ಅಥವಾ ಮಾರ್ಚ್ 31ರವರೆಗೆ, ಇಎಸ್‌ಐ ಮುಂದುವರಿಯುತ್ತದೆ. ಆ ದಿನ ಬರುವ ಮೊದಲೇ ಬೇರೆ ಪಾಲಿಸಿ ಕೈಯಲ್ಲಿರಬೇಕು.

ಇನ್ನು ಸರ್ಕಾರದ ಯೋಜನೆಗಳು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕಕ್ಕೆ ನೋಂದಣಿಯ ಗಡುವಿಲ್ಲ, ಪಡಿತರ ಚೀಟಿ ಮತ್ತು ಆಧಾರ್ ಇದ್ದರೆ ಸಾಕು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಉಳಿದವರಿಗೆ ಆ ಚಿಕಿತ್ಸೆಗೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ 30ರಷ್ಟು ನೆರವು, ವರ್ಷಕ್ಕೆ 1.5 ಲಕ್ಷ ಮೀರದಂತೆ. ಆದರೆ ಪಡಿತರ ಚೀಟಿಯೇ ಇದರ ಬೇರು, ಅದರ ತಿದ್ದುಪಡಿಗೆ ಸರ್ವರ್ ತೆರೆಯುವುದು ಆಗೊಮ್ಮೆ ಈಗೊಮ್ಮೆ. ಸೊಸೆಯ ಹೆಸರನ್ನು ತವರಿನ ಚೀಟಿಯಿಂದ ತೆಗೆಸಿದ ಮೇಲಷ್ಟೇ ಇಲ್ಲಿ ಸೇರಿಸಲು ಆಗುವುದು. ಅಲ್ಲಿ ತೆಗೆಸಿ ಇಲ್ಲಿಗೆ ಬರುವಷ್ಟರಲ್ಲಿ ತಿದ್ದುಪಡಿ ನಿಂತುಹೋದರೆ ಆಕೆ ಯಾವ ಚೀಟಿಯಲ್ಲೂ ಇಲ್ಲ. ಬಿಪಿಎಲ್ ಮನೆಯಲ್ಲಿ ಹುಟ್ಟಿ ಬಿಪಿಎಲ್ ಮನೆ ಸೇರಿದವಳು ಆಸ್ಪತ್ರೆಯಲ್ಲಿ ಶೇ 30ರ ಸಾಲಿಗೆ ಬೀಳುತ್ತಾಳೆ. ಆದ್ದರಿಂದ ಗಂಡನ ಊರಿನ ಗ್ರಾಮ ಒನ್ ಸೇವಾ ಕೇಂದ್ರದಲ್ಲಿ ಸೇರ್ಪಡೆ ನಡೆಯುತ್ತಿದೆಯೇ ಎಂದು ಖಚಿತಪಡಿಸಿಕೊಂಡು, ಅದೇ ವಾರ ಎರಡೂ ಕೆಲಸ ಮುಗಿಸಬೇಕು. ಸೇರ್ಪಡೆ ನಡೆಯುತ್ತಿರುವುದು ಖಚಿತವಾಗುವವರೆಗೆ ತವರಿನ ಚೀಟಿಯಿಂದ ಹೆಸರು ತೆಗೆಸಬಾರದು. ಅಣ್ಣತಮ್ಮಂದಿರು ಪಾಲಾದಾಗಲೂ ಹಳೆಯ ಚೀಟಿಯಿಂದ ಹೊರಬಿದ್ದು ಹೊಸ ಚೀಟಿಗೆ ಕಾಯುವವರದ್ದು ಇದೇ ಪಾಡು.

ಸಹಕಾರ ಇಲಾಖೆಯ ಯಶಸ್ವಿನಿ ಆರೋಗ್ಯ ಯೋಜನೆಯಲ್ಲಿ ಗ್ರಾಮೀಣ ಸಹಕಾರ ಸಂಘದ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಮೇಲಿನ ಪ್ರತಿಯೊಬ್ಬರಿಗೆ 100 ರೂಪಾಯಿ, 5 ಲಕ್ಷದವರೆಗೆ ಚಿಕಿತ್ಸೆ. ಅಡಿಕೆ ಬೆಳೆಗಾರರ ಮನೆಗಳಿಗೆ ಇದು ಅಗ್ಗದ ಆಸರೆ. ಆದರೆ ನೋಂದಣಿ ವರ್ಷಕ್ಕೊಮ್ಮೆ ಘೋಷಿಸಿದ ಅವಧಿಯಲ್ಲಿ ಮಾತ್ರ, ಅದೂ ಈಚಿನ ವರ್ಷಗಳಲ್ಲಿ ಚಳಿಗಾಲದಲ್ಲಿ, ಕೊಯ್ಲಿನ ಗಡಿಬಿಡಿಯ ನಡುವೆ. ನಮ್ಮಲ್ಲಿ ಮದುವೆಗಳು ಹೆಚ್ಚಾಗಿ ನಡೆಯುವುದು ಏಪ್ರಿಲ್, ಮೇ ತಿಂಗಳಲ್ಲಿ. ಬೇಸಿಗೆಯಲ್ಲಿ ಮನೆ ತುಂಬಿದ ಸೊಸೆ ಯೋಜನೆಯ ಪಟ್ಟಿಗೆ ಸೇರಲು ಮುಂದಿನ ನೋಂದಣಿಯನ್ನು ಕಾಯಬೇಕು. ಬಹಳಷ್ಟು ಮನೆಗಳಲ್ಲಿ ಮೊದಲ ಬಸಿರು ಬರುವುದೂ ಇದೇ ಅವಧಿಯಲ್ಲಿ.

ಸಹಕಾರ ಇಲಾಖೆಗೆ ನಮ್ಮ ಬೇಡಿಕೆ ಇಷ್ಟು. ಆಗಲೇ ನೋಂದಾಯಿತವಾದ ಕುಟುಂಬಕ್ಕೆ ಮದುವೆಯಿಂದ ಅಥವಾ ಹುಟ್ಟಿನಿಂದ ಸೇರಿದವರನ್ನು, ಪ್ರಮಾಣಪತ್ರದ ದಿನಾಂಕದಿಂದ 60 ದಿನದೊಳಗೆ, ಅದೇ 100 ರೂಪಾಯಿ ಕಟ್ಟಿಸಿಕೊಂಡು ಸೇರಿಸಿಕೊಳ್ಳಲಿ. ಕಾಯಿಲೆ ಬಂದ ಮೇಲೆ ಸೇರುತ್ತಾರೆಂಬ ಭಯಕ್ಕೆ ಇಲ್ಲಿ ಜಾಗವಿಲ್ಲ. ಮದುವೆಯ ದಿನಾಂಕವನ್ನಾಗಲಿ ಹುಟ್ಟಿದ ದಿನಾಂಕವನ್ನಾಗಲಿ ಯಾರೂ ಕಾಯಿಲೆ ನೋಡಿ ಬದಲಿಸಲಾರರು. ಆಹಾರ ಇಲಾಖೆಯೂ ಮದುವೆ, ಹುಟ್ಟು, ಸಾವಿನ ತಿದ್ದುಪಡಿಗೆ ಸರ್ವರನ್ನು ವರ್ಷವಿಡೀ ತೆರೆದಿಡಲಿ. ಹೊಸ ಚೀಟಿಗಳ ಅರ್ಜಿಯನ್ನು ಬೇಕಾದರೆ ಬೇರೆ ಇಡಲಿ.

ಇಷ್ಟೆಲ್ಲ ಆಗುವವರೆಗೆ ಮನೆಯವರು ಒಂದು ವಿಷಯ ನೆನಪಿಡಬೇಕು. ಚೀಟಿಯ ಗೊಂದಲದ ನಡುವೆಯೇ ತುರ್ತು ಬಂದರೆ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಕಂಡು, ಬೇಕಾದ ಚಿಕಿತ್ಸೆ ಯೋಜನೆಯ ತುರ್ತು ಚಿಕಿತ್ಸೆಗಳ ಪಟ್ಟಿಯಲ್ಲಿದೆಯೇ ಎಂದು ಮೊದಲು ಕೇಳಿ, ಅದಕ್ಕೆ ಶಿಫಾರಸು ಪತ್ರ ಬೇಕಿಲ್ಲ. ತುರ್ತಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕು. ಆಗುಂಬೆ ಘಾಟಿ ಇಳಿದು ನೇರ ಖಾಸಗಿ ಆಸ್ಪತ್ರೆಗೆ ಹೋಗಿ ದಾಖಲಾದ ಮೇಲೆ ಆ ಪತ್ರಕ್ಕಾಗಿ ತಾಲ್ಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಗೋ ವಾಪಸ್ ಓಡುವುದು ತಪ್ಪಲಿ. ಖಾಸಗಿ ವಿಮೆಯವರು ನಡುವರ್ಷದ ಸೇರ್ಪಡೆಯನ್ನು ಕಾರಣ ಕೊಡದೆ ತಳ್ಳಿಹಾಕಿದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು, ಅಲ್ಲಿ ಆಗದಿದ್ದರೆ ವಿಮಾ ಪ್ರಾಧಿಕಾರದ 155255 ಸಂಖ್ಯೆಗೆ ಕರೆ ಮಾಡಬಹುದು. ವಿಮೆಯ ದೂರುಗಳನ್ನು ಇತ್ಯರ್ಥಪಡಿಸುವ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಲು ಶುಲ್ಕವೂ ಇಲ್ಲ, ವಕೀಲರೂ ಬೇಡ.

— ಆರೋಗ್ಯ ವಿಮೆ ಕ್ಷೇತ್ರದಲ್ಲಿ ದುಡಿಯುವ ಓದುಗರು, ತೀರ್ಥಹಳ್ಳಿ