ನಾಮಿನಿ ಜಾಗದಲ್ಲಿ ಯಾರ ಹೆಸರಿದೆ, ಒಮ್ಮೆ ನೋಡಿ

ನಮ್ಮ ಗೃಹ ನಿರ್ಮಾಣ ಸಹಕಾರ ಸಂಘದ ಸದಸ್ಯರಿಗೂ ಮನೆಯವರಿಗೂ ನಮಸ್ಕಾರ.

ಸದಸ್ಯರು ತೀರಿಕೊಂಡರೆ ನಾಮಿನಿ ಮರಣ ಪ್ರಮಾಣಪತ್ರ ತಂದುಕೊಡುತ್ತಿದ್ದರು, ಫ್ಲ್ಯಾಟನ್ನು ಅವರ ಹೆಸರಿಗೆ ಬರೆದುಕೊಳ್ಳುತ್ತಿದ್ದೆವು. ಬರುವ ತಿಂಗಳ 1ರಿಂದ ಜೊತೆಗೆ ವಂಶವೃಕ್ಷವೂ ಬೇಕು. ನಾಮಿನಿಯ ಹೆಸರಿನ ಪಕ್ಕದಲ್ಲೇ ವಾರಸುದಾರರೆಲ್ಲರ ಹೆಸರನ್ನೂ ಪುಸ್ತಕದಲ್ಲಿ ಬರೆಯುತ್ತೇವೆ. ಅಷ್ಟೂ ಜನ ಸಹಿ ಹಾಕದೆ ಮಾರಾಟಕ್ಕೆ ಸಂಘದ ಒಪ್ಪಿಗೆ ಪತ್ರ ಸಿಗುವುದಿಲ್ಲ.

ಸುಮ್ನೆ ಓಡಾಡಿಸುತ್ತಾರೆ ಅಂದುಕೊಳ್ಳಬೇಡಿ.

ಹೋದ ವರ್ಷ ಒಬ್ಬ ಹೆಣ್ಣುಮಗಳು ಗುತ್ತಲು ರಸ್ತೆಯ ನಮ್ಮ ಕಚೇರಿಗೆ ಬಂದರು. ಗಂಡ ತೀರಿಕೊಂಡು ತಿಂಗಳಾಗಿತ್ತು. ಫೈಲು ತೆಗೆದೆವು. ಗುಂಡುಪಿನ್ನು ತುಕ್ಕು ಹಿಡಿದು ಹಾಳೆಗೇ ಅಂಟಿಕೊಂಡಿತ್ತು. ನಾಮಿನಿ ಜಾಗದಲ್ಲಿ ನೀಲಿ ಇಂಕಿನಲ್ಲಿ ಗಂಡನ ಅಣ್ಣನ ಹೆಸರು. ಮದುವೆಗೆ ಮುಂಚೆ ಬರೆದಿದ್ದು, ಆಮೇಲೆ ಬದಲಾಯಿಸಿರಲಿಲ್ಲ. "ಅಂಗಾದ್ರೆ ಮನೆ ಬಾವನೋರ್ದಾ ಸಾ?" ಅಂತ ಕೇಳಿದರು.

ಅಲ್ಲ. ನಾಮಿನಿ ಅಂದ ಮಾತ್ರಕ್ಕೆ ಮಾಲೀಕ ಅಲ್ಲ. ಸುಪ್ರೀಂ ಕೋರ್ಟ್ 1984ರಲ್ಲೇ ವಿಮೆ ಹಣದ ಪ್ರಕರಣದಲ್ಲಿ ಇದನ್ನು ಹೇಳಿದೆ. 2016ರಲ್ಲಿ ಪಶ್ಚಿಮ ಬಂಗಾಳದ ಸಹಕಾರ ಸಂಘದ ಫ್ಲ್ಯಾಟೊಂದರ ವಿಷಯ ಬಂದಾಗ, ಸಂಘ ನಾಮಿನಿ ಹೆಸರಿಗೆ ಮಾಡಿಕೊಟ್ಟರೂ ಉಳಿದವರು ತಮ್ಮ ವಾರಸು ಹಕ್ಕನ್ನು ಕೇಳಬಹುದು ಎಂದಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ, ಗಂಡಸು ಉಯಿಲು ಬರೆಯದೆ ತೀರಿಕೊಂಡರೆ ಅವರ ಸ್ವಂತ ದುಡಿಮೆಯ ಆಸ್ತಿ ಹೆಂಡತಿ, ಮಕ್ಕಳು, ತಾಯಿಗೆ ಸಮಪಾಲು. ಆಯಮ್ಮನಿಗೆ ಒಬ್ಬಳೇ ಮಗಳು, ಅತ್ತೆಯೂ ಇದ್ದಾರೆ. ಹಾಗಾಗಿ ಮೂರು ಪಾಲು. ಅಣ್ಣನಿಗೆ ಏನೂ ಇಲ್ಲ. ತಾಯಿಗೂ ಪಾಲಿದೆ ಅನ್ನೋದು ಜಾಸ್ತಿ ಜನಕ್ಕೆ ಗೊತ್ತೇ ಇರುವುದಿಲ್ಲ. ಮದುವೆಯಾದ ಮಗಳಿಗೂ ಅಷ್ಟೇ ಪಾಲು, "ಕೊಟ್ಟು ಕಳಿಸಿದ್ದಾಯ್ತಲ್ಲ" ಅನ್ನುವ ಮಾತು ನಡೆಯುವುದಿಲ್ಲ. ಫ್ಲ್ಯಾಟು ಹೆಂಡತಿಯ ಸ್ವಂತದ್ದಾಗಿದ್ದರೆ ಮೊದಲು ಗಂಡ, ಮಕ್ಕಳು. ಮುಸ್ಲಿಂ, ಕ್ರೈಸ್ತ ಸದಸ್ಯರಿಗೆ ಅವರವರ ಕಾನೂನಿನ ಲೆಕ್ಕ.

ಆ ಅಣ್ಣ ಒಳ್ಳೆಯವರು, ಮಾರನೇ ದಿನವೇ ಬಂದು ತನಗೇನೂ ಬೇಡ ಅಂತ ಬರೆದುಕೊಟ್ಟರು. ಎಲ್ಲ ಮನೆಯಲ್ಲೂ ಹೀಗಾಗಲ್ಲ, ಅಲ್ವಾ?

ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ. ಯಾರಾದರೂ ಪಾಲು ಬಿಟ್ಟುಕೊಡುವುದಾದರೆ ಬಿಳಿ ಹಾಳೆಯ ಸಹಿ ಸಾಲದು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಬೇಕು. ಉಯಿಲಿಗೆ ಇಬ್ಬರು ಸಾಕ್ಷಿಗಳು ಬೇಕೇ ಬೇಕು, ನೋಂದಣಿ ನಿಮ್ಮ ಇಷ್ಟ. ಮಾಡಿಸಿದರೆ ತಂಟೆ ಕಮ್ಮಿ.

ನಾಮಿನಿ ಬದಲಾಯಿಸಲು ದುಡ್ಡು ಕಟ್ಟಬೇಕಿಲ್ಲ. ಷೇರು ಪತ್ರ, ಆಧಾರ್ ತಂದರೆ ಸಾಕು. ಮಧ್ಯಾಹ್ನ ಊಟದ ಹೊತ್ತು ಬಿಟ್ಟು ಬನ್ನಿ.

ಕಾರ್ಯದರ್ಶಿ
ಮಂಡ್ಯ